ಅಳತೆಯ ಹಲಗೆ

ಸರೋವರದ ಮೇಲಿಂದ ಬರುವ ಮೋಡಕ್ಕೆ ನಮ್ಮೂರಲ್ಲಿ ಹೆಸರಿಲ್ಲ.
ಬಂತು ಅನ್ನುತ್ತೇವೆ, ಅಷ್ಟೆ.
ಅಕ್ಟೋಬರಿನಲ್ಲಿ ಬಂದದ್ದು ಏಪ್ರಿಲಿಗೆ ಎದ್ದು ಹೋಗುತ್ತದೆ,
ಬಾಡಿಗೆ ಕೊಡದ ಬಿಡಾರದವನ ಹಾಗೆ, ಹೇಳದೆ ಕೇಳದೆ.

ಬೆಳಗಿನ ಜಾವ ಮೂರಕ್ಕೆ ನನ್ನ ನೇಗಿಲು ಲಾರಿ ಹೊರಡುತ್ತದೆ.
ನೆಲ ಉಳದ ನೇಗಿಲು. ರಸ್ತೆಯ ಬಿಳುಪನ್ನು
ಬದಿಗೆ ಮಗುಚಿಕೊಂಡು ಹೋಗುವುದೇ ಅದರ ಬೇಸಾಯ.
ಮುಚ್ಚಿಹೋದ ತಾಮ್ರದ ಗಣಿ, ಲುಥೆರನ್ ಚರ್ಚು,
ರಾತ್ರಿಯಿಡೀ ಉರಿಯುವ ಒಂದೇ ದೀಪದ ಪೆಟ್ರೋಲ್ ಬಂಕು,
ಆಮೇಲೆ ಇರ್ಯಾಳ ಮನೆ.

ಅವಳ ಅಂಗಳದಲ್ಲೊಂದು ಬಿಳಿ ಬಳಿದ ಹಲಗೆ,
ಊಟದ ಮಣೆಗಿಂತ ತುಸು ದೊಡ್ಡದು.
ಏಳಕ್ಕೆ ಸರಿಯಾಗಿ, ತಮ್ಮ ಬಿಟ್ಟುಹೋದ ಮೀನುಗಾರರ ಕೋಟು ತೊಟ್ಟು,
ಅಳತೆಕೋಲು ಹಿಡಿದು ಬರುತ್ತಾಳೆ.
ಬಗ್ಗುತ್ತಾಳೆ. ಬರೆಯುತ್ತಾಳೆ.
ಹಲಗೆ ಗುಡಿಸಿ ಬರಿದು ಮಾಡುತ್ತಾಳೆ,
ಮತ್ತೆ ಬೀಳುವುದಕ್ಕೆ ಜಾಗ ಬೇಕಲ್ಲ.
ಹೀಗೆ ಮೂವತ್ತೊಂದು ಚಳಿಗಾಲ.

ಪುಸ್ತಕದ ತುಂಬ ಬರೀ ಅಂಗುಲಗಳು.
ಏಳೂವರೆ. ಹನ್ನೊಂದು. ಮೂರು. ಇಪ್ಪತ್ತಾರು.
ಆ ಇಪ್ಪತ್ತಾರರ ದಿನ ವೈನೊನ ಶವಪೆಟ್ಟಿಗೆ
ದಾರಿ ಬಿಡಿಸುವವರೆಗೆ ಗ್ಯಾರೇಜಿನಲ್ಲೇ ಕಾದಿತ್ತು,
ಹಿಮವಾಹನದ ಪಕ್ಕ, ಪೇಂಟ್ ಡಬ್ಬಗಳ ನಡುವೆ.
ಪುಸ್ತಕದಲ್ಲಿ ಅದಿಲ್ಲ. ಇಪ್ಪತ್ತಾರು ಮಾತ್ರ ಇದೆ.
ಕೋಲಿಗೆ ಸಿಗದಷ್ಟು ಬಿದ್ದರೆ ಒಂದೇ ಪದ: ಸುಳಿವು.

ನೋಡದವರಿಗೆ ಹಿಮವೆಂದರೆ ಒಂದೇ.
ಡಿಸೆಂಬರಿನದು ರವೆ, ಗಾಜಿಗೆ ತಾಗಿ ಹುರಿದ ಸದ್ದು ಮಾಡುತ್ತದೆ.
ಜನವರಿಯದು ಜರಡಿ ಹಿಡಿದ ಹಿಟ್ಟು, ಉಫ್ ಎಂದರೆ ಹಾರುತ್ತದೆ.
ಮಾರ್ಚಿನದು ನೆನೆದ ಅವಲಕ್ಕಿ,
ಸಲಿಕೆಗೆ ಅಂಟಿಕೊಂಡು ಬಿಡುವುದೇ ಇಲ್ಲ;
ಅರವತ್ತು ದಾಟಿದ ಗಂಡಸರನ್ನು ಕರೆದೊಯ್ಯುವುದು ಅದೇ.

ಹೋದ ಜನವರಿ ಇರ್ಯಾ
ಸೌನಾದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು.
ಆಸ್ಪತ್ರೆಯಿಂದ ಫೋನು: "ರೈಮೊ, ಏಳು ಗಂಟೆ.
ಆರೂ ಐವತ್ತಲ್ಲ."
ಎಂಟು ದಿನ ಸರಿಯಾಗಿಯೇ ಅಳೆದೆ.
ಒಂಬತ್ತನೆಯ ದಿನ ಬಿರುಗಾಳಿ; ಹಲಗೆ ಎಲ್ಲಿ ಹೂತಿತ್ತೋ,
ಕೈಬೆರಳು ಮರದ ಕಡ್ಡಿಗಳಾಗಿದ್ದವು,
ಬೇಲಿಯ ಪಕ್ಕ ಕೋಲು ಚುಚ್ಚಿ ಹತ್ತೊಂಬತ್ತು ಎಂದು ಗೀಚಿ
ಕಾಫಿಗೆ ಓಡಿದೆ.

ಮನೆಗೆ ಬಂದವಳು ಕೋಟು ಕಳಚುವ ಮೊದಲೇ
ಸಾಲುಗಳ ಮೇಲೆ ಬೆರಳೆಳೆದು ಅಲ್ಲಿಗೇ ಬಂದು ನಿಂತಳು.
"ಬೇಲಿ ಪಕ್ಕ ಅಳೆದೆಯಾ?"
ಸುಮ್ಮನಿದ್ದೆ.
"ಗಾಳಿ ಗುಡ್ಡೆ ಹಾಕಿದ್ದು ಬೇರೆ ರೈಮೊ, ಆಕಾಶ ಕೊಟ್ಟದ್ದು ಬೇರೆ."
ಹೊಡೆದು ಹಾಕಿ ಪಕ್ಕದಲ್ಲಿ ಬರೆದಳು: ಗೊತ್ತಿಲ್ಲ.
ಮೂವತ್ತೊಂದು ವರ್ಷದಲ್ಲಿ ಅದೊಂದೇ ಗೊತ್ತಿಲ್ಲ, ಅದು ನನ್ನದು.

ಜಗಳವಾಡಬಹುದಿತ್ತು.
ಈ ಊರಲ್ಲಿ ಸರಿಯಾಗಿ ಹೇಳುವವರಾದರೂ ಯಾರು?
ಬಾರಿನಲ್ಲಿ ಕೂತರೆ ಒಂದೊಂದು ಗ್ಲಾಸಿಗೂ
ಹಿಮ ಒಂದೊಂದು ಅಂಗುಲ ಏರುತ್ತದೆ.

ಈ ಸಲ ಅವಳ ಗೇಟಿನ ಮುಂದೆ ಬಂದಾಗ
ನೇಗಿಲಿನ ಅಲಗನ್ನು ತುಸು ಎತ್ತುತ್ತೇನೆ,
ಅಲ್ಲಿ ಒಡ್ಡು ಬೀಳದ ಹಾಗೆ. ನಿಯಮದಲ್ಲಿ ಅದಿಲ್ಲ.
ಉಳಿದವರ ಗೇಟಿಗೆ ಎತ್ತುವುದಿಲ್ಲ, ಬೈಸಿಕೊಳ್ಳುತ್ತೇನೆ.
ಅವಳು ನೋಡಿಯೂ ನೋಡದವಳ ಹಾಗಿರುತ್ತಾಳೆ.

ನಿನ್ನೆ ಬೆಳಿಗ್ಗೆ ಕೈ ಬೀಸಿ ಲಾರಿ ನಿಲ್ಲಿಸಿದಳು.
ಬಗ್ಗಲು ಆಗುತ್ತಿರಲಿಲ್ಲ.
ಹಲಗೆಯ ಮುಂದೆ ಮೊಣಕಾಲೂರಿದೆ.
ಬಣ್ಣದ ಬಿಳುಪೋ, ಬಿದ್ದದ್ದರ ಬಿಳುಪೋ,
ಕಣ್ಣಿಗೆ ತಿಳಿಯಲಿಲ್ಲ. ಕೈಗವಸು ತೆಗೆದು ಬೆರಳಿಟ್ಟೆ.
ಒಂದಿಷ್ಟು ಒದ್ದೆ.
"ಸುಳಿವು" ಅಂದೆ.
ಮರುಮಾತಿಲ್ಲದೆ ಬರೆದುಕೊಂಡಳು.